ಕಾಮಾಲೆಯ ರಜೆ

ಬಸವಂತನಿಗೆ ಕಾಮಾಲೆ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಜಯನಗರದ ಅವನ ಕಚೇರಿಯಲ್ಲಿ ಅದನ್ನು ನಂಬದವರು ಒಬ್ಬರೂ ಇರಲಿಲ್ಲ. ಬಿಟಿಎಂ ಲೇಔಟಿನ ಅವನ ಬೀದಿಯಲ್ಲಂತೂ ಅವನ ಕಣ್ಣಿನ ಬಣ್ಣ, ಉಗುರಿನ ಬಣ್ಣಗಳನ್ನು ಕುರಿತು ನೋಡದವರೂ ನೋಡಿದವರ ಹಾಗೆ ಮಾತಾಡುತ್ತಿದ್ದರು. ಕೂತ ಕಡೆ ನಾಲ್ಕು ರೊಟ್ಟಿ ಎತ್ತುವ ಗಟ್ಟಿ ಆಳು ಅವನು. ಅಂಥವನು ಇಲ್ಲದ ರೋಗವೊಂದನ್ನು ತಾನಾಗಿ ಅಂಟಿಸಿಕೊಂಡು ಮನೆಯಲ್ಲಿ ಕೂತದ್ದಕ್ಕೆ ಕಾರಣ ಬಹಳ ಸರಳವಾದದ್ದು: ಅವನಿಗೆ ಮಗ ಹುಟ್ಟಿದ್ದ.

ಗದಗಿನ ಕಡೆಯವನು. ಪರೀಕ್ಷೆ ಪಾಸು ಮಾಡಿ, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದಿನ ಬೀದಿಯಲ್ಲಿದ್ದ ಕೇಂದ್ರ ಸರ್ಕಾರದ ಒಂದು ಸಣ್ಣ ಕಚೇರಿಗೆ ಗುಮಾಸ್ತನಾಗಿ ಬಂದ. ಬಂದ ಹೊಸದರಲ್ಲಿ ಅವನು ಬಾಯಿ ಬಿಟ್ಟರೆ ಸಾಕು, ಪಕ್ಕದ ಮೇಜುಗಳಲ್ಲಿ ನಗು. ‘ಹೌದ್ರೀ’ ಅಂದರೆ ನಾಲ್ಕು ಜನ ‘ಹೌದ್ರೀ’ ಎನ್ನುತ್ತಿದ್ದರು. ಆರು ತಿಂಗಳು ಹಲ್ಲು ಕಚ್ಚಿಕೊಂಡು ಸಹಿಸಿದ. ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. ನಗಿಸುವವನನ್ನು ನೋಡಿ ಯಾರೂ ನಗುವುದಿಲ್ಲ. ಅಲ್ಲಿಂದ ಮುಂದೆ ಬಸವಂತ ಕಚೇರಿಯ ಮಾತುಗಾರನಾದ. ಅವನ ನಾಲಿಗೆಗೆ ಹೆದರಿ ಜನ ಅವನ ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು. ಎದುರಿಗೆ ಕೂತರೆ ತಾವೇ ಗುರಿಯಾಗುತ್ತೇವೆಂಬ ಭಯ.

ಗಂಡಸರಿಗೂ ಹೆಂಡತಿಯ ಹೆರಿಗೆಗೆಂದು ಹದಿನೈದು ದಿನ ಸಂಬಳದ ರಜೆ ಕೊಡುವ ಆದೇಶ ಬಂದದ್ದು ತೊಂಬತ್ತೇಳರಲ್ಲಿ, ಹೊಸ ವೇತನ ಆಯೋಗದ ಹಿಂದೆಯೇ. ಎಲ್ಲರ ಕಣ್ಣೂ ಬಾಕಿ ಸಂಬಳದ ಮೇಲಿತ್ತು, ಈ ರಜೆಯನ್ನು ಯಾರೂ ಗಮನಿಸಲಿಲ್ಲ. ಗಮನಿಸಿದವನು ಅದೇ ಕಚೇರಿಯ ಲಕ್ಕಪ್ಪನೊಬ್ಬನೇ. ಸಾಧು ಮನುಷ್ಯ, ಹೆಂಡತಿಗೆ ರಕ್ತದೊತ್ತಡ ಜಾಸ್ತಿ. ರಜೆ ಹಾಕಿದ, ಮನೆಯಲ್ಲಿದ್ದ, ಮುಗಿದ ಮೇಲೆ ಬಂದ. ಬಂದ ದಿನ ಕ್ಯಾಂಟೀನಿನಲ್ಲಿ ಬಸವಂತ ಎಲ್ಲರಿಗೂ ಕೇಳುವ ಹಾಗೆ, “ನಮ್ಮ ಬಾಣಂತಿಗೆ ಬಿಸಿನೀರು ಕೊಡ್ರಪ್ಪ, ತಣ್ಣೀರು ಕುಡಿದ್ರೆ ಎದೆಹಾಲಿಗೆ ಶೀತ ಆಗುತ್ತೆ” ಅಂದ. ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಲಕ್ಕಪ್ಪನೂ ನಕ್ಕ, ಪಾಪ. ಆದರೆ ‘ಬಾಣಂತಿ ಲಕ್ಕಪ್ಪ’ ಎಂಬ ಹೆಸರು ಅಂಟಿಕೊಂಡಿತು. ಕೆಲವು ತಿಂಗಳ ನಂತರ ಅವನು ಊರಿನ ಆ ತುದಿಯ ಕಚೇರಿಗೆ ವರ್ಗ ಕೇಳಿ ಹೋದ. ಹೆಸರು ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು ಎಂದು ಸುದ್ದಿ.

ಅದಾದ ಮೇಲೆ ಆ ಕಚೇರಿಯ ಒಬ್ಬ ಗಂಡಸೂ ಆ ರಜೆ ಮುಟ್ಟಲಿಲ್ಲ. ಮಗು ಹುಟ್ಟಿತೋ, ಬೆಳಗ್ಗೆ ಆಸ್ಪತ್ರೆಯಲ್ಲಿ ಮುಖ ತೋರಿಸಿ, ಪೇಡೆ ಡಬ್ಬಿ ಹಿಡಿದು ಊಟದ ಹೊತ್ತಿಗೆ ಕಚೇರಿಗೆ ಬರುವುದು. ಸೂಪರಿಂಟೆಂಡೆಂಟ್ ಗೌರೀಶಂಕರರು ಪೇಡೆ ಬಾಯಿಗಿಟ್ಟುಕೊಂಡು, ಡ್ಯೂಟಿ ಅಂದರೆ ಹೀಗಿರಬೇಕು ಎನ್ನುವುದು. ಇದೇ ರೂಢಿಯಾಯಿತು. ಯಾರೂ ಬರೆದಿಟ್ಟ ಕಾನೂನಲ್ಲ. ಬರೆದಿಟ್ಟ ಕಾನೂನು ಬೇರೆಯೇ ಇತ್ತು, ಅದನ್ನು ಕೇಳುವವರಿರಲಿಲ್ಲ.

ಈಗ ಬಸವಂತನ ಹೆಂಡತಿ ಮಧುಮತಿ ಎರಡನೇ ಸಲ ಬಸುರಿ, ಈ ಸಲವೂ ಆಪರೇಷನ್ನೇ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮೊದಲ ಮಗಳು ಪ್ರಿಯಾಂಕಾ ಹುಟ್ಟಿದ್ದು ಕೊಪ್ಪಳದ ತವರಿನಲ್ಲಿ. ಆಗ ತಾಯಿ ಇದ್ದಳು. ಬಸವಂತ ಹೆಸರಿಡುವ ದಿನ ಹೋಗಿ, ತೊಟ್ಟಿಲೊಳಗೆ ಇಣುಕಿ, ಹೋಳಿಗೆ ತಿಂದು ಬಂದಿದ್ದ. ಮಗಳನ್ನು ಸರಿಯಾಗಿ ಎತ್ತಿಕೊಂಡಾಗ ಅವಳಿಗೆ ಹಲ್ಲು ಬಂದಿದ್ದವು. ಈಗ ಮಧುಮತಿಯ ತಾಯಿ ತೀರಿಕೊಂಡು ವರ್ಷವಾಗಿತ್ತು. ಬಸವಂತನ ತಾಯಿಗೆ ಮಂಡಿ ನೋವು, ಮೆಟ್ಟಿಲು ಹತ್ತಲಾರಳು. ಇವರ ಮನೆಯೋ ಮೊದಲನೇ ಮಹಡಿ. ಉಳಿದದ್ದು ಕೊಪ್ಪಳದ ಅಣ್ಣನ ಮನೆಯೊಂದೇ.

ಮಧುಮತಿಗೆ ಅಲ್ಲಿಗೆ ಹೋಗಲು ಸುತರಾಂ ಮನಸ್ಸಿರಲಿಲ್ಲ. ಅಣ್ಣನ ಹೆಂಡತಿ ಕೆಟ್ಟವಳೆಂದಲ್ಲ. ಆದರೆ ತಾಯಿಯ ಹತ್ತಿರ ಕೇಳುವುದು ಬೇರೆ, ಅವಳ ಹತ್ತಿರ ಕೇಳುವುದು ಬೇರೆ. ಒಂದು ಸಂಜೆ ರೊಟ್ಟಿ ಬಡಿಯುತ್ತಾ ಗಂಡನಿಗೆ ಹೇಳಿದಳು: “ಹದಿನೈದು ದಿನ ಮನ್ಯಾಗ ಇರ್ರಿ. ಹೊಲಿಗಿ ಮಾಯೂತನ ಅಷ್ಟ. ಆಮ್ಯಾಲೆ ನಾ ನಿಮಗ ಏನೂ ಕೇಳಂಗಿಲ್ಲ. ವೈನಿ ಮಾರಿ ನೋಡಿ ಬಿಸಿನೀರು ಕೇಳೂದು ನನಗಾಗೂದಿಲ್ಲ.” ಮದುವೆಯಾಗಿ ಆರು ವರ್ಷದಲ್ಲಿ ಒಂದು ಸೀರೆಯನ್ನೂ ಬಾಯಿಬಿಟ್ಟು ಕೇಳದ ಹೆಂಗಸು. ಬಸವಂತ ಆಗಲಿ ಅಂದ.

ಮರುದಿನ ಗೌರೀಶಂಕರರ ಮೇಜಿನ ಮುಂದೆ ನಿಂತ. ಏನ್ರೀ ಎಂದು ಅವರು ತಲೆಯೆತ್ತಿದರೆ, ಯಾವುದೋ ಕಡತ ಸಿಗುತ್ತಿಲ್ಲ ಎಂದ. ವಾರ ಬಿಟ್ಟು ಮತ್ತೆ ಹೋದ. ಆ ಸಲ ಪೇಪರು ಓದಿ ಆಯಿತೇ ಎಂದು ಕೇಳಿ, ಬೇಡದ ಪೇಪರು ಹಿಡಿದುಕೊಂಡು ಬಂದ. ಬಾಯಿ ತೆರೆದಾಗಲೆಲ್ಲ ಬೆನ್ನ ಹಿಂದೆ ಇಡೀ ಕಚೇರಿ ಕಿವಿ ನಿಮಿರಿಸಿ ಕೂತಂತೆ ಅನ್ನಿಸುತ್ತಿತ್ತು. ತಾನೇ ಇಟ್ಟ ಹೆಸರು, ತಾನೇ ತೋಡಿದ ಗುಂಡಿ. ಲಕ್ಕಪ್ಪನಂಥ ಮೆತ್ತನೆಯವನಿಗೇ ಅಷ್ಟು ಬಿಗಿಯಾಗಿ ಅಂಟಿದ ಹೆಸರು, ಎಲ್ಲರನ್ನೂ ಆಡಿಕೊಂಡ ತನ್ನನ್ನು ಬಿಟ್ಟೀತೇ? ರಾತ್ರಿಯೆಲ್ಲ ನಿದ್ದೆಯಿಲ್ಲ, ತಟ್ಟೆಯ ಅನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು. ಮನೆಯಲ್ಲಿ ಮಧುಮತಿ, ರಜೆ ಕೇಳಿದಿರಾ ಎಂದರೆ, ಸಾಹೇಬರು ಊರಲ್ಲಿಲ್ಲ ಎನ್ನುತ್ತಿದ್ದ.

ಹೆರಿಗೆಗೆ ಇನ್ನೇನು ನಾಲ್ಕು ದಿನವಿದೆ ಎನ್ನುವಾಗ ಮೂರನೇ ಸಲ ಹೋಗಿ ನಿಂತ. ಪಕ್ಕದಲ್ಲಿ ಕಡತ ಜೋಡಿಸುತ್ತಿದ್ದವನು ಪಿಳ್ಳಣ್ಣ. ಕಚೇರಿಯ ದಫ್ತರು ನೋಡಿಕೊಳ್ಳುವ ಹಿರಿಯ, ಜರಗನಹಳ್ಳಿಯ ಹಳೇ ಜಮೀನುದಾರರ ಮನೆಯವನು. ಬಸವಂತನಿಗೆ ಬಿಟಿಎಂನಲ್ಲಿ ಬಾಡಿಗೆ ಮನೆ ಕೊಡಿಸಿದವನೂ ಅವನೇ, ಮನೆ ಅವನ ತಂಗಿ ಮುನಿರತ್ನಮ್ಮನದು. ಪಿಳ್ಳಣ್ಣ ಬಸವಂತನ ಮುಖವನ್ನೇ ದಿಟ್ಟಿಸಿದ. “ಏನ್ ಬಸವಂತ, ಕಣ್ಣು ಹಳ್ದಿ ಹೊಡೀತೈತಲ್ಲ. ಊಟ ಸೇರ್ತೈತಾ?”

ಸೇರಲ್ಲ ಎಂದ ಬಸವಂತ. ಅದು ಸುಳ್ಳಲ್ಲ. ನಿದ್ದೆ? ಅದೂ ಇಲ್ಲ. ಸುಸ್ತು? ಹೂಂ. ಕಾಮಾಲೆ ಎಂದು ಪಿಳ್ಳಣ್ಣ ತೀರ್ಪು ಕೊಟ್ಟ. ಗೌರೀಶಂಕರರು ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ತಳ್ಳಿ, ಡಾಕ್ಟರ ಸರ್ಟಿಫಿಕೇಟ್ ಕಳಿಸಿ ಮನೆಯಲ್ಲಿ ಮಲಗಿ, ವಾಸಿಯಾಗುವ ತನಕ ಈ ಕಡೆ ತಲೆ ಹಾಕಬೇಡಿ ಎಂದರು. ಯಾರೂ ನಗಲಿಲ್ಲ. ಮೇಜುಗಳಿಂದ ಜನ ಅಯ್ಯೋ ಪಾಪ ಎಂದರು. ಕೇಳದೇ ರಜೆ ಬಂತು, ಜೊತೆಗೆ ಕನಿಕರವೂ ಬಂತು. ಬೀದಿ ತುದಿಯ ಕ್ಲಿನಿಕ್ಕಿನ ಡಾಕ್ಟರು ತಲೆಯೆತ್ತದೆ ಸರ್ಟಿಫಿಕೇಟ್ ಬರೆದುಕೊಟ್ಟರು.

ರಜೆ ಸಿಕ್ಕಿತು ಎಂದಷ್ಟೇ ಹೆಂಡತಿಗೆ ಹೇಳಿದ. ಯಾವ ರಜೆ ಎಂದು ಅವಳು ಕೇಳಲಿಲ್ಲ, ಇವನು ಹೇಳಲಿಲ್ಲ. ಕೊಪ್ಪಳಕ್ಕೆಂದು ಕಟ್ಟಿಟ್ಟಿದ್ದ ಚೀಲವನ್ನು ಅವಳು ಅವನೆದುರೇ ಬಿಚ್ಚಿ ಸೀರೆಗಳನ್ನು ಟ್ರಂಕಿಗೆ ಹಾಕಿದಳು. ಅವಳ ಮುಖ ನೋಡಿ ಬಸವಂತನಿಗೆ ಖುಷಿಯಾಯಿತು. ಆ ಖುಷಿಯೊಳಗೊಂದು ಮುಳ್ಳೂ ಇತ್ತು.

ಗಂಡು ಮಗು, ಆಪರೇಷನ್ ಆಗಿ ಹುಟ್ಟಿತು. ಮನೆಗೆ ಕರೆತಂದ ಮೇಲೆ ಬಸವಂತ ಕಲಿಯದ ಕೆಲಸವಿಲ್ಲ. ಮೊದಲ ದಿನ ಮಗುವನ್ನು ಎತ್ತಿಕೊಳ್ಳಲು ಹೋಗಿ ಕುತ್ತಿಗೆ ಹಿಡಿಯಲು ಬರದೆ ಬೆವೆತ. ಎರಡನೇ ದಿನ ಬಾಣಂತಿಗೆಂದು ಇಟ್ಟ ಅಳವಿ ಕಾಳಿನ ಪಾಯಸ ತಳ ಹಿಡಿಸಿದ. ಆಮೇಲಾಮೇಲೆ ಕೈ ಕುದುರಿತು. ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯಲು, ಬಾಣಂತಿಯ ಕೈಕಾಲು ತಿಕ್ಕಲು ಹುಲಿಗೆವ್ವ ಬರುತ್ತಿದ್ದಳು. ಕೊಪ್ಪಳದ ಕಡೆಯವಳೇ, ಕಟ್ಟಡ ಕೆಲಸಕ್ಕೆ ಬಂದು ಬಿಟಿಎಂನಲ್ಲೇ ನಿಂತ ಮುದುಕಿ. ಅವಳು ಹೊಗೆ ಹಾಕಿ ಕೊಟ್ಟ ಮಗುವನ್ನು ಬಸವಂತ ಎದೆಗೆ ಒರಗಿಸಿಕೊಂಡರೆ ಅದು ಅಲ್ಲೇ ನಿದ್ದೆ ಹೋಗುತ್ತಿತ್ತು. ಪ್ರಿಯಾಂಕಾಳ ಕಾಲಕ್ಕೆ ಇದನ್ನೆಲ್ಲ ಕಳೆದುಕೊಂಡೆನಲ್ಲಾ ಎಂದು ಅವನಿಗೆ ನಿಜವಾಗಿಯೂ ದುಃಖವಾಯಿತು.

ಆದರೆ ನೆಮ್ಮದಿ ಎಂಬುದು ಚೂರೂ ಇರಲಿಲ್ಲ. ಬೀದಿಯಲ್ಲಿ ಸ್ಕೂಟರಿನ ಸದ್ದಾದರೆ ಕಿಟಕಿಯ ಸಂದಿಗೆ ಓಡುತ್ತಿದ್ದ. ಮಗುವಿನ ಬಟ್ಟೆಗಳನ್ನು ಮಹಡಿಯ ಮೇಲೆ ಒಣಹಾಕಿದರೆ ಯಾರಾದರೂ ಕಂಡಾರು ಎಂದು ಒಳಗೇ ಹಗ್ಗ ಕಟ್ಟಿದ. ಆಗಸ್ಟ್ ತಿಂಗಳ ಥಂಡಿಗೆ ಅವು ಒಣಗದೆ ಕೋಣೆಯೆಲ್ಲ ಮುಗ್ಗಲು ವಾಸನೆ. ಅಂಗಡಿಗೆ ಹೋದರೆ ತಲೆಗೆ ಟವೆಲ್ ಸುತ್ತಿಕೊಂಡು, ರೋಗಿಯ ಹಾಗೆ ನಿಧಾನವಾಗಿ ನಡೆಯುತ್ತಿದ್ದ. ಅಕಸ್ಮಾತ್ ಯಾರಾದರೂ ಬಂದು ಕೇಳಿದರೆ ಇರಲಿ ಎಂದು ನಾಲ್ಕು ವರ್ಷದ ಮಗಳಿಗೂ, ಹೆಂಡತಿಗೆ ತಿಳಿಯದಂತೆ, ಪಾಠ ಹೇಳಿಕೊಟ್ಟಿದ್ದ: ಅಪ್ಪನಿಗೆ ಕಾಮಾಲೆ ಆಗಿದೆ ಅನ್ನಬೇಕು.

ಪ್ರಿಯಾಂಕಾ ಪಾಠವನ್ನು ಚೆನ್ನಾಗಿಯೇ ಕಲಿತಿದ್ದಳು. ಯಾರೂ ಕೇಳದಿದ್ದುದೇ ಅವಳಿಗೆ ಬೇಜಾರು. ಒಂದು ಬೆಳಗ್ಗೆ ಬಚ್ಚಲಲ್ಲಿ ತಮ್ಮನಿಗೆ ನೀರೆರೆಯುತ್ತಿದ್ದ ಹುಲಿಗೆವ್ವನ ಮುಂದೆ ನಿಂತು, ನಮ್ಮಪ್ಪಗ ಕಾಮಾಲಿ ಆಗೇತಿ ಎಂದು ಒಪ್ಪಿಸಿಬಿಟ್ಟಳು. ಹುಲಿಗೆವ್ವ ಮಗುವನ್ನು ಒರೆಸಿ ತಾಯಿಯ ಕೈಗೆ ಕೊಟ್ಟವಳೇ ಇಳಿದು ಹೋದಳು. ಮರುದಿನ ಬರಲಿಲ್ಲ. ಹೋಗುವಾಗ ಕೆಳಗಿನ ಮನೆಯ ಮುನಿರತ್ನಮ್ಮನಿಗೆ ಸುದ್ದಿ ಮುಟ್ಟಿಸಿ, ಹಸುಗೂಸನ್ನು ಕಾಮಾಲೆಯವನು ಎದೆಯ ಮೇಲೆ ಮಲಗಿಸಿಕೊಳ್ಳುತ್ತಾನಮ್ಮಾ ಎಂದು ಕೆನ್ನೆ ಬಡಿದುಕೊಂಡು ಹೋಗಿದ್ದಳು.

ಮುನಿರತ್ನಮ್ಮ ಮೇಲೆ ಬಂದವರೇ ಹೊಸಿಲಾಚೆ ನಿಂತು ಕೇಳಿದರು. ಬಸವಂತನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಇಲ್ಲ ಎಂದರೆ ಇವರು ಅಣ್ಣನಿಗೆ ಹೇಳುತ್ತಾರೆ, ಪಿಳ್ಳಣ್ಣನಿಗೆ ತಿಳಿದರೆ ಇಡೀ ಕಚೇರಿಗೆ ತಿಳಿದಂತೆ. ಹೌದು ಆಂಟಿ, ಸ್ವಲ್ಪ ಇದೆ ಎಂದ. ಅಲ್ಲಿಗೆ ಮುಗಿಯಿತು. ಮುನಿರತ್ನಮ್ಮ ಒಳ್ಳೆಯ ಹೆಂಗಸು, ಕೆಟ್ಟವರಾಗಿದ್ದರೆ ಬಸವಂತ ಬಚಾವಾಗುತ್ತಿದ್ದ. ಅರ್ಧ ಗಂಟೆಯೊಳಗೆ ಅವನ ಹಾಸಿಗೆ ಮಹಡಿ ಇಳಿದು ಸಂಪಿನ ಪಕ್ಕದ ಮೋಟಾರ್ ರೂಮು ಸೇರಿತು. ಉಪ್ಪು, ಎಣ್ಣೆ ಇಲ್ಲದ ಗಂಜಿ, ಎರಡು ಹೊತ್ತು ನೆಲನೆಲ್ಲಿ ರಸ. ಬಾಣಂತಿಗೆ ಅವರೇ ಮೆಣಸಿನ ಸಾರು, ಅನ್ನ ಕಳಿಸಿದರು. ನೀರು ಮಾತ್ರ ಜಾಸ್ತಿ ಕುಡಿಯಬಾರದೆಂದು ತಾಕೀತು. ಬಸವಂತ ಮೆಟ್ಟಿಲ ಮೇಲೆ ಕಾಲಿಟ್ಟರೆ ಅಡುಗೆಮನೆ ಕಿಟಕಿಯಿಂದ ಅವರ ದನಿ ಬರುತ್ತಿತ್ತು.

ನೋಡಿ, ಮಗುವಿನ ಹತ್ತಿರ ಇರಲೆಂದು ರೋಗ ತಂದುಕೊಂಡ. ಆ ರೋಗವೇ ಅವನನ್ನು ಮಗುವಿನಿಂದ ಒಂದು ಮಹಡಿ ಕೆಳಗೆ ತಂದು ಕೂರಿಸಿತು. ಮೋಟಾರಿನ ಗುರುಗುಟ್ಟುವಿಕೆ ನಿಂತಾಗ ಮೇಲಿನಿಂದ ಮಗುವಿನ ಅಳು ಕೇಳುತ್ತಿತ್ತು. ಯಾವ ಅಳು ಹಸಿವಿನದು, ಯಾವುದು ಒದ್ದೆಯದು ಎಂದು ಅವನಿಗೆ ಆಗಲೇ ತಿಳಿಯುತ್ತಿತ್ತು. ಎದ್ದು ನಿಲ್ಲುತ್ತಿದ್ದ, ಬಾಗಿಲಿಗೆ ಹೋಗುತ್ತಿದ್ದ, ಮತ್ತೆ ಬಂದು ಕೂರುತ್ತಿದ್ದ. ಹೊಲಿಗೆ ಹಾಕಿಸಿಕೊಂಡ ಹೆಂಗಸು ಮೇಲೆ ಒಬ್ಬಳೇ ಎದ್ದು ಓಡಾಡುವ ಹೆಜ್ಜೆಯ ಸದ್ದು ತಲೆಯ ಮೇಲೆಯೇ ಕೇಳುತ್ತಿತ್ತು.

ಎರಡು ದಿನವಾದ ಮೇಲೆ, ಮುನಿರತ್ನಮ್ಮ ದೇವಸ್ಥಾನಕ್ಕೆ ಹೋದ ಸಮಯ ನೋಡಿ ಕಳ್ಳನಂತೆ ಮೇಲೆ ಹತ್ತಿದ. ಮಧುಮತಿ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿ ಬಿಚ್ಚಿದ್ದ ಚೀಲ ಮತ್ತೆ ತುಂಬಿತ್ತು. ಮನೆಯೊಡತಿಯ ಮುಂದೆ ಗಂಡನ ಮಾನ ಕಳೆಯಬಾರದೆಂದು ಅವಳು ಒಂದು ಮಾತನ್ನೂ ಆಡಿರಲಿಲ್ಲ. ಮೇಲೆ ಊಟ ತಂದಿದ್ದ ಅವರ ಕೈಯಲ್ಲೇ ಕೊಪ್ಪಳಕ್ಕೆ ಫೋನು ಮಾಡಿಸಿ, ಬಂದು ಕರೆದುಕೊಂಡು ಹೋಗು ಎಂದು ಅಣ್ಣನಿಗೆ ಹೇಳಿಸಿದ್ದಳು. ಭಾನುವಾರ ಬರುತ್ತಾನಂತೆ. ಬಸವಂತ ನಡೆದದ್ದನ್ನೆಲ್ಲ ಬಡಬಡಿಸಿದ. ಲಕ್ಕಪ್ಪನ ಕಥೆ, ಪಿಳ್ಳಣ್ಣನ ಮಾತು, ಎಲ್ಲ. ಅವಳು ಕೊನೆಯ ತನಕ ಕೇಳಿದಳು.

“ನನ್ನ ಕೂಸಿಗೆ ನೀವು ಅಪ್ಪ ಅನ್ನಿಸ್ಕೊಳ್ಳೂದು ಅಷ್ಟು ನಾಚಿಕೀ ಕೆಲಸೇನ್ರಿ? ಅದಕ್ಕಿಂತ ರೋಗ ಚಲೋ ಅನ್ನಿಸ್ತು ನಿಮಗ” ಎಂದಳು. ಹಾಗೆಂದವಳೇ ಮಗುವಿನ ಕಡೆ ತಿರುಗಿ ಕೂತಳು. ಗೇಟಿನ ಸದ್ದಾಯಿತು, ಅವನು ಮತ್ತೆ ಕೆಳಗಿಳಿದ.

ಶನಿವಾರ ಬೆಳಗ್ಗೆ ಪಿಳ್ಳಣ್ಣ ಬಂದ. ಜೊತೆಗೆ ಬಸವಂತನ ಪಕ್ಕದ ಮೇಜಿನ ಹುಡುಗ ಸೋಮನಾಥ್, ಇನ್ನಿಬ್ಬರು ಸಹೋದ್ಯೋಗಿಗಳು, ಒಂದು ಚೀಲ ಮೂಸಂಬಿ, ನಾಲ್ಕು ಎಳನೀರು. ಕನಕಪುರ ರಸ್ತೆಯಾಚೆ ಯಾವುದೋ ಹಳ್ಳಿಯಲ್ಲಿ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರಿದ್ದಾರಂತೆ. ಪಿಳ್ಳಣ್ಣ ಬೆಳಕು ಹರಿಯುವ ಮುಂಚೆ ಅಲ್ಲಿಗೆ ಹೋಗಿ, ಸರದಿಯಲ್ಲಿ ನಿಂತು, ತಂದಿದ್ದ. ಖಾಲಿ ಹೊಟ್ಟೆಯಲ್ಲಿ, ತಂದವನ ಕಣ್ಣೆದುರೇ ಕುಡಿಯಬೇಕು. ಮುನಿರತ್ನಮ್ಮ ಅದನ್ನು ಹಾಲಿನಲ್ಲಿ ಕದಡಿ ದೊಡ್ಡ ಲೋಟದಲ್ಲಿ ಕೊಟ್ಟರು. ಹಸಿರು ಹಸಿರು, ಬಾವಿಯ ಪಾಚಿಯ ಹಾಗೆ. ಎಲ್ಲರೂ ಸುತ್ತ ನಿಂತರು. ಬಸವಂತ ಲೋಟ ಹಿಡಿದುಕೊಂಡು, ಇಲ್ಲದ ರೋಗಕ್ಕೆ ಇದು ಏನು ಮಾಡೀತು ಎಂದು ಯೋಚಿಸುತ್ತಿದ್ದ.

ಆಗ ಮೇಲೆ ಮಗು ಅತ್ತಿತು. ಹಸಿವಿನ ಅಳುವಲ್ಲ, ಒದ್ದೆಯದೂ ಅಲ್ಲ, ಇದು ಬೇರೆ. ಉಸಿರು ಕಟ್ಟಿ ಕಟ್ಟಿ ಬರುವ ಅಳು. ಅದರ ಹಿಂದೆಯೇ ಪ್ರಿಯಾಂಕಾ ಮೆಟ್ಟಿಲ ಮೇಲೆ ಬಂದು, ಅವ್ವಗ ಬಗ್ಗಾಕ ಆಗವಲ್ತು ಎಂದಳು. ಬಸವಂತ ಹೊರಟ. ಮುನಿರತ್ನಮ್ಮ ಮೆಟ್ಟಿಲಿಗೆ ಅಡ್ಡ ನಿಂತರು, ತಾನು ಹೋಗುತ್ತೇನೆ, ನೀನು ಹತ್ತಕೂಡದು ಎಂದರು. ಪಿಳ್ಳಣ್ಣ ಅವನ ತೋಳು ಹಿಡಿದ.

“ನಂಗೆ ಕಾಮಾಲೆ ಇಲ್ಲ ಪಿಳ್ಳಣ್ಣ. ಮಗು ನೋಡ್ಕೊಳ್ಳೋಕೆ ರಜಾ ಬೇಕಿತ್ತು. ಕೇಳೋಕೆ ನಾಚ್ಕೆ ಆಯ್ತು, ಸುಳ್ಳು ಹೇಳ್ದೆ.”

ಇಷ್ಟು ಹೇಳಿ ಲೋಟವನ್ನು ಪಿಳ್ಳಣ್ಣನ ಕೈಗೇ ಕೊಟ್ಟು ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದ. ಮಗು ಕುಡಿದ ಹಾಲು ಕಕ್ಕಿಕೊಂಡು ಮೂಗಿಗೇರಿಸಿಕೊಂಡಿತ್ತು. ಮಧುಮತಿ ಹೊಲಿಗೆಯ ನೋವಿಗೆ ಅರ್ಧ ಬಗ್ಗಿ ನಿಂತಿದ್ದಳು. ಬಸವಂತ ಮಗುವನ್ನು ಎತ್ತಿ ಭುಜಕ್ಕೆ ಹಾಕಿ, ಬೆನ್ನು ತಟ್ಟಿ, ಮೂಗು ಒರೆಸಿದ. ಅಳು ಇಳಿಯಿತು. ಕೆಳಗಿನಿಂದ ಪಿಳ್ಳಣ್ಣ, ಕತ್ತಲಲ್ಲಿ ಎದ್ದು ಹೋಗಿ ತಂದೆನಲ್ಲಯ್ಯಾ ಎಂದು ಗೊಣಗಿದ್ದು ಕೇಳಿತು. ಅದರ ಬೆನ್ನಿಗೇ ನಗು. ಬಸವಂತ ಎಷ್ಟೋ ದಿನಗಳಿಂದ ಹೆದರಿಕೊಂಡಿದ್ದ ಅದೇ ನಗು.

ಎಲ್ಲರೂ ಹೋದರು ಎಂದುಕೊಳ್ಳುವಾಗ ಸೋಮನಾಥ್ ಒಬ್ಬನೇ ಮೆಟ್ಟಿಲು ಹತ್ತಿ ಬಂದ. ಅತ್ತ ಇತ್ತ ನೋಡಿ, ದನಿ ತಗ್ಗಿಸಿದ. “ಗುರು, ನಮ್ಮನೇಲೂ ನವೆಂಬರ್‌ಗೆ ಇದೆ. ನಿಂಗೆ ಸರ್ಟಿಫಿಕೇಟ್ ಕೊಟ್ಟ ಡಾಕ್ಟ್ರು ಯಾರು?”

ಬಸವಂತನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅಷ್ಟು ಜನರ ಮುಂದೆ ಮರ್ಯಾದೆ ಬಿಟ್ಟು ಹೇಳಿದ ಮಾತಿನಿಂದ ಈ ಹುಡುಗ ಕಲಿತದ್ದು ಇದೊಂದೇ. ಆಮೇಲೆ ಹೇಳುತ್ತೇನೆ ಎಂದು ಸಾಗಹಾಕಿದ. ಒಳಗೆ ಬಂದಾಗ ಮಧುಮತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ಆ ಹುಡುಗಗೂ ಕಾಮಾಲಿ ಹಚ್ಚತೀರೇನು? ಕೆಳಗ ನಿಂತು ಹೇಳಿದ್ದು ಸಾಲೂದಿಲ್ರಿ. ಎಲ್ಲಿ ಸುಳ್ಳ ಹೇಳಿ ಬಂದ್ರಿ, ಅಲ್ಲಿ ಹೋಗಿ ಹೇಳ್ರಿ. ಆಮ್ಯಾಲೆ ನಾ ಇರೂದೋ ಹೋಗೂದೋ ನೋಡೋಣು.”

ಭಾನುವಾರ ಅವಳ ಅಣ್ಣ ಬಂದ. ಅಂಗಡಿ ಬಿಟ್ಟು ಬಂದ ಮನುಷ್ಯ, ಕೂತಲ್ಲಿ ಕೂರಲಾರ. ಬಾಣಂತನ ಹೆಂಗಸರ ಕೆಲಸ, ಗಂಡಸು ತೊಟ್ಟಿಲು ಕಾದರೆ ಮನೆ ನಡೆದೀತೇ, ನಾನು ನನ್ನ ಮಕ್ಕಳನ್ನು ನೋಡಿದ್ದು ಹೆಸರಿಡುವ ದಿನವೇ ಎಂದು ತಂಗಿಯ ಗಂಡನಿಗೆ ಬುದ್ಧಿ ಹೇಳಿದ. ಈ ಮಾತುಗಳನ್ನು ಬಸವಂತ ಸ್ವತಃ ಎಷ್ಟು ಸಲ ಆಡಿದ್ದನೋ. ಸೋಮವಾರ ಸಂಜೆಯ ರೈಲಿಗೆ ಹೊರಡುವುದೆಂದು ಅಣ್ಣ ತೀರ್ಮಾನಿಸಿದ. ಮಧುಮತಿ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಚೀಲ ಬಾಗಿಲ ಬಳಿ ಬಂತು.

ಸೋಮವಾರ ಬಸವಂತ ಕಚೇರಿಯ ಮೆಟ್ಟಿಲು ಹತ್ತಿದ. ಶನಿವಾರದ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಅವನ ಮೇಜಿನ ಮೇಲೆ ಯಾರೋ ಒಂದು ಲೋಟ ಬಿಸಿನೀರು ಇಟ್ಟಿದ್ದರು, ಹಬೆಯಾಡುತ್ತಿತ್ತು. ಕಚೇರಿಯ ತುಂಬ ಕಿಸಿಕಿಸಿ. ಯಾರೋ, ಬಾಣಂತಿ ಹೇಗಿದ್ದೀಯವ್ವಾ ಎಂದರು. ತಿರುಗಿ ಒಂದು ಮಾತು ಎಸೆದರೆ ಎಲ್ಲರ ಬಾಯಿ ಮುಚ್ಚಿಸಬಹುದಿತ್ತು, ನಾಲಿಗೆಯ ತುದಿಗೆ ಬಂದೂ ಇತ್ತು. ನುಂಗಿಕೊಂಡು ಗೌರೀಶಂಕರರ ಮೇಜಿಗೆ ನಡೆದ.

ತಾನು ಸುಳ್ಳು ಹೇಳಿದ್ದನ್ನು ಹೇಳಿದ. ಪಿಸುಗುಟ್ಟಲಿಲ್ಲ, ಎಲ್ಲ ಮೇಜುಗಳಿಗೂ ಕೇಳಿಸಿತು. ತೆಗೆದುಕೊಂಡ ಕಾಯಿಲೆ ರಜೆಯನ್ನು ರದ್ದು ಮಾಡಿ, ಮಗುವಿನ ರಜೆ ಎಂದೇ ಬರೆಯಬೇಕು, ಉಳಿದ ದಿನಗಳೂ ತನಗೆ ಬೇಕು ಎಂದ. ಗೌರೀಶಂಕರರು ಕನ್ನಡಕ ತೆಗೆದರು. ಅವರು ಕೋಪಿಸಿಕೊಂಡಿದ್ದರೆ ಸುಲಭವಿತ್ತು. ಅವರು ಒಳ್ಳೆಯ ಮಾತಿನಲ್ಲೇ, “ಸರ್ಟಿಫಿಕೇಟ್ ಬಂದಿದೆ, ರಜಾ ಸ್ಯಾಂಕ್ಷನ್ ಆಗಿದೆ. ಅದು ಹಾಗೇ ಇರ್ಲಿ ಬಿಡ್ರೀ. ಸುಮ್ನೆ ಯಾಕೆ ಸರ್ವೀಸ್‌ನಲ್ಲಿ ಆ ಹೆಸರು?” ಎಂದರು.

ಬಸವಂತನಿಗೆ ಒಂದು ಕ್ಷಣ ಆಸೆಯಾಯಿತು. ಹೂಂ ಎಂದರೆ ಮುಗಿಯಿತು, ಹೆಂಡತಿಗೆ ಹೇಳಿ ಬಂದೆ ಎನ್ನಬಹುದು. ಬೆನ್ನ ಹಿಂದೆ ಸೋಮನಾಥ್ ಕಡತದಲ್ಲಿ ಮುಖ ಹುದುಗಿಸಿ, ಒಂದಕ್ಷರ ಓದದೆ ಕೂತಿದ್ದ.

“ಬೇಡ ಸಾರ್. ಅದು ನನ್ನ ಮಗನ ರಜಾ. ಅವನ ಹೆಸ್ರಲ್ಲೇ ಇರ್ಲಿ.”

ಬೆನ್ನ ಹಿಂದಿನ ಕಿಸಿಕಿಸಿ ನಿಂತಿತೆಂದು ಹೇಳಿದರೆ ಸುಳ್ಳಾದೀತು, ನಿಲ್ಲಲಿಲ್ಲ. ಗೌರೀಶಂಕರರು ಅರ್ಜಿ ಬರೆಸಿಕೊಂಡು ಸಹಿ ಹಾಕಿದರು. ಕಾಗದ ಪಕ್ಕಕ್ಕಿಟ್ಟ ಮೇಲೆ, ಮಗು ಯಾರ ಹಾಗಿದೆ ಎಂದು ಕೇಳಿದರು. ಆ ಕಚೇರಿಯಲ್ಲಿ ಅವನ ಮಗುವನ್ನು ಕುರಿತು ಯಾರಾದರೂ ಕೇಳಿದ್ದು ಅದೇ ಮೊದಲು. ತಾಯಿಯ ಹಾಗೆ ಎಂದ ಬಸವಂತ.

ಮುಂದಿನದು ಬೇರೆ ಮಾತು. ನವೆಂಬರಿನಲ್ಲಿ ಸೋಮನಾಥ್ ಯಾವ ರೋಗವನ್ನೂ ಹೇಳದೆ ಅದೇ ರಜೆ ತೆಗೆದುಕೊಂಡ. ಸಾಹೇಬರೇ ಸಹಿ ಹಾಕಿದ್ದಾರೆ, ಇಬ್ಬರು ತೆಗೆದುಕೊಂಡಿದ್ದಾರೆ ಎಂದ ಮೇಲೆ ಮೂರನೆಯವನಿಗೆ ಧೈರ್ಯ ಬಂತು. ಐದಾರು ವರ್ಷ ಕಳೆಯುವಷ್ಟರಲ್ಲಿ ತೆಗೆದುಕೊಳ್ಳದವನನ್ನೇ ಜನ, ಯಾಕಯ್ಯಾ ಮನೆಯಲ್ಲಿ ಜಗಳವೇ ಎಂದು ಕೇಳುವಂತಾಯಿತು. ಒಬ್ಬ ಆ ರಜೆಯಲ್ಲಿ ಹುಳಿಮಾವಿನ ಸೈಟಿನಲ್ಲಿ ಮನೆಗೆ ತಾರಸಿ ಹಾಕಿಸಿಕೊಂಡ, ಇನ್ನೊಬ್ಬ ಶಬರಿಮಲೆಗೆ ಹೋಗಿ ಬಂದ. ಬಸವಂತನಿಗೆ ಮೈಯೆಲ್ಲ ಉರಿಯುತ್ತಿತ್ತು, ಆದರೆ ಕಾಮಾಲೆಯ ಸುಳ್ಳು ಹೇಳಿದ್ದ ತಾನು ಬಾಯಿ ಬಿಡುವ ಹಾಗಿರಲಿಲ್ಲ. ಲಕ್ಕಪ್ಪನನ್ನು ಹುಡುಕಿಕೊಂಡು ಹೋಗುವ ಧೈರ್ಯ ಮಾತ್ರ ಅವನಿಗೆ ಕೊನೆಗೂ ಬರಲಿಲ್ಲ.

ಆ ಸೋಮವಾರ ಇದೊಂದೂ ಅವನ ತಲೆಯಲ್ಲಿರಲಿಲ್ಲ. ತಲೆಯಲ್ಲಿದ್ದದ್ದು ಸಂಜೆಯ ರೈಲು. ರಜೆಯ ಕಾಗದಪತ್ರದ ಕೆಲಸ ಮುಗಿಯುವಷ್ಟರಲ್ಲಿ ಹೊತ್ತಾಗಿತ್ತು. ಮೊಪೆಡ್ ಹತ್ತಿ ಹೊರಟರೆ ದಾರಿಯುದ್ದಕ್ಕೂ ಲಾರಿ, ಅಗೆದ ರಸ್ತೆ, ಮೇಲಿಂದ ಮಳೆ. ಪ್ರತಿ ಸಿಗ್ನಲ್ಲಿನಲ್ಲೂ ಅವಳು ಹೊರಟಿದ್ದಾಳೆ, ಆಟೋ ಹತ್ತಿದ್ದಾಳೆ ಎಂದೇ ಅನ್ನಿಸುತ್ತಿತ್ತು. ತಾನು ಬರುವುದು ತಡವಾದದ್ದನ್ನು ನೋಡಿ, ಕಚೇರಿಯಲ್ಲಿ ಹೇಳಲೇ ಇಲ್ಲ ಎಂದು ಅವಳು ತಿಳಿದಿರಬೇಕು. ಮೆಟ್ಟಿಲು ಹತ್ತಿದಾಗ ಬಾಗಿಲಲ್ಲಿ ಅಣ್ಣನ ಚಪ್ಪಲಿ ಇರಲಿಲ್ಲ, ಚೀಲವೂ ಇರಲಿಲ್ಲ.

ಒಳಗಿನಿಂದ ಪ್ರಿಯಾಂಕಾ ಓಡಿ ಬಂದು ಅವನ ಒದ್ದೆ ಕಾಲು ತಬ್ಬಿಕೊಂಡಳು. ಮಾಮಾ ಊಟ ಮಾಡಿ ಒಬ್ಬನೇ ಹೋದ ಎಂದಳು. ಮಧುಮತಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಳು, ಕಣ್ಣು ಕೆಂಪಾಗಿದ್ದವು.

“ಪಿಳ್ಳಣ್ಣಾರು ಕೆಳಗ ಫೋನ್ ಮಾಡಿದ್ರಂತ. ಎಲ್ಲಾರ ಮುಂದ ಹೇಳಿದ್ರಿ?”

“ಹೇಳಿದೆ.”

“ನಕ್ಕರೇನು?”

“ನಕ್ಕರು.”

“ಕೈಕಾಲು ತೊಳ್ಕೊಂಡು ಬಂದು ಕೂಸಿನ ಹಿಡೀರಿ” ಎಂದಳು. ಅವನು ಬಟ್ಟೆ ಬದಲಿಸಿ ಬಂದು ಮಗುವನ್ನು ಎತ್ತಿಕೊಂಡ. ಮಧುಮತಿ ಗೋಡೆಯ ಕಡೆ ತಿರುಗಿ ಮಲಗಿದಳು. ಮಗು ಒಮ್ಮೆ ಅತ್ತಿತು, ಇನ್ನೊಮ್ಮೆ ಅತ್ತಿತು, ಅವನು ಕೋಣೆಯ ಉದ್ದಕ್ಕೂ ಓಡಾಡಿ ಸುಮ್ಮನಿರಿಸಿದ. ಅವಳು ತಿರುಗಿ ನೋಡಲಿಲ್ಲ. ಹೆರಿಗೆಯಾದ ಮೇಲೆ ಮಗು ಅತ್ತರೂ ಎಚ್ಚರವಾಗದಂತೆ ಅವಳು ನಿದ್ದೆ ಮಾಡಿದ್ದು ಅದೇ ಮೊದಲು.